ಹೆಸರು ಹೊಲಿದ ಗೋಡೆಚೀಲ

೧೯೫೪ರ ಶ್ರಾವಣದಲ್ಲಿ ನಮ್ಮ ಚಿಕ್ಕವ್ವ ಜಯಮ್ಮನನ್ನು ಹೊಳೆನರಸೀಪುರದ ಮನೆಯಿಂದ ಅರಕಲಗೂಡಿನ ತವರಿಗೆ ಕಳಿಸಲಾಯಿತು. ಅವಳಿಗೆ ಆಗ ಇಪ್ಪತ್ತೊಂದು ವರ್ಷ. ನಮ್ಮಪ್ಪನ ತಮ್ಮ ಶಿವಣ್ಣನ ಕೈ ಹಿಡಿದು ಮೂರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಕಾರಣವೆಂದು ಮನೆಯಲ್ಲಿ ಹೇಳಿದ್ದು ಒಂದು ಬಟ್ಟೆಯ ಚೀಲವನ್ನು. ನನಗೆ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಇಂದಿಗೂ ಬಟ್ಟೆ ಅಂಗಡಿಯಲ್ಲಿ ಕೋರಾ ಬಟ್ಟೆಯ ಥಾನು ಬಿಚ್ಚಿದರೆ ಆ ಗಂಜಿಯ ಹುಳಿವಾಸನೆಗೆ ನಾನು ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ.

ಆ ವರ್ಷ ಸುಗ್ಗಿ ಮುಗಿದು ಕೈ ಬಿಡುವಾದಾಗ ಚಿಕ್ಕವ್ವ ಗೋಡೆಚೀಲ ಹೊಲಿಯಲು ಕೂತಳು. ನಿಮ್ಮ ಮನೆಯ ನಡುಮನೆಯಲ್ಲೂ ಅಂಥದೊಂದು ತೂಗಿದ್ದಿರಬಹುದು; ಬೀರು ಇಲ್ಲದ ಕಾಲದಲ್ಲಿ ಬಾಚಣಿಗೆ, ಕನ್ನಡಕ, ಕಾಗದ, ಸೂಜಿಡಬ್ಬಿ ಎಲ್ಲಕ್ಕೂ ಅದೇ ಜಾಗ. ಬಾಗಿಲುದ್ದದ ಕೋರಾ ಬಟ್ಟೆಯನ್ನು ಅವಳು ಎರಡು ಮಡಿಕೆ ಮಾಡಿದಳು. ಮೇಲಂಚಿನಲ್ಲಿ ಬಿದಿರುಕಡ್ಡಿ ತೂರುವಷ್ಟು ಕೊಳವೆ ಬಿಟ್ಟಳು. ದರ್ಜಿಯ ಅಂಗಡಿಯಿಂದ ನಾನು ಬೇಡಿ ತಂದ ಚೂರುಗಳಲ್ಲಿ ಆರು ಜೇಬು ಕತ್ತರಿಸಿದಳು. ಚಪ್ಪಟೆಯಾಗಿ ಹೊಲಿದರೆ ಜೇಬಿನೊಳಗೆ ಕೈ ಹೋಗುವುದಿಲ್ಲವೆಂದು ಪ್ರತಿಯೊಂದರ ಕೆಳಗೂ ಎರಡು ನಿರಿಗೆ ಹಿಡಿದಳು. ಹಾಗೆ ಹಿಡಿದರೆ ಜೇಬು ಅಕ್ಕಿ ತುಂಬಿದ ಮಡಿಲಿನಂತೆ ಉಬ್ಬಿ ನಿಲ್ಲುತ್ತಿತ್ತು. ದಾರಕ್ಕೆ ಮೇಣ ಉಜ್ಜುವುದು, ಮೂಲೆಯಲ್ಲಿ ಮೂರು ಸಲ ಕುಟ್ಟುಹೊಲಿಗೆ ಹಾಕುವುದು ಇವೆಲ್ಲ ನಾನು ಅವಳ ಮಗ್ಗುಲಲ್ಲಿ ಕೂತು ಕಲಿತದ್ದು. ಅವಳ ಸೀರೆಯಿಂದ ಸೀಗೇಪುಡಿಯ ವಾಸನೆ ಬರುತ್ತಿತ್ತು, ಬಟ್ಟೆಯಿಂದ ಗಂಜಿಯದು.

ಜೇಬಿನ ಮೇಲೆ ಹೆಸರು ಹಾಕುವ ಯೋಚನೆ ನನ್ನದು. ಚಿಕ್ಕವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ನಾನು ಪೆನ್ಸಿಲಿನಲ್ಲಿ ಬರೆದುಕೊಡುತ್ತಿದ್ದೆ, ಅವಳು ಅದರ ಮೇಲೆ ಕೆಂಪು ದಾರದ ಸರಪಳಿ ಹೊಲಿಗೆ ಹಾಕುತ್ತಿದ್ದಳು. ಅಜ್ಜಿ, ಅಪ್ಪ, ಅವ್ವ, ನಾನು, ಅವಳು ಸೇರಿ ಐದು ಹೆಸರಾದವು. ಆರನೆಯ ಜೇಬನ್ನು ಖಾಲಿ ಬಿಟ್ಟಳು. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳಿದರೆ ಅವನ ಆಯಸ್ಸು ಸವೆಯುತ್ತದೆ ಎಂದು ನಮ್ಮಲ್ಲಿ ನಂಬಿಕೆ. ಅಂಚೆಯವನೋ ಬಳೆಗಾರನೋ ಯಜಮಾನರ ಹೆಸರು ಕೇಳಿದರೆ ಅವಳು ನನ್ನ ಬೆನ್ನು ತಳ್ಳಿ ಮುಂದೆ ಬಿಡುತ್ತಿದ್ದಳು. ಹೇಳುವುದು ನನ್ನ ಕೆಲಸವಾಗಿತ್ತು. ಚೀಲ ಗೋಡೆಗೆ ಏರಿದ ದಿನ ಚಿಕ್ಕಪ್ಪ ಉಂಡು ಕೈ ಒರೆಸುತ್ತ ಬಂದು ನಿಂತು ನೋಡಿದ.

"ಎಲ್ರಿಗೂ ಹೆಸ್ರೈತೆ. ನಾನೇನು ಈ ಮನೆ ಜೀತದಾಳೇನೆ?"

ಅವನು ನಗುತ್ತಲೇ ಹೇಳಿದ್ದು. ಆದರೆ ಮಾರನೆಯ ದಿನವೂ ಕೇಳಿದ, ಅದರ ಮಾರನೆಯ ದಿನವೂ ಕೇಳಿದ. ತನ್ನ ಕ್ಷೌರದ ಸಾಮಾನನ್ನು ಬೇಕೆಂದೇ ಅಜ್ಜಿಯ ಜೇಬಿಗೆ ಹಾಕಿ ಬೈಸಿಕೊಂಡ. ವಾರ ಕಳೆದ ಮೇಲೆ ಚಿಕ್ಕವ್ವ ಚೀಲ ಇಳಿಸಿಕೊಂಡು ಹಿತ್ತಲಿಗೆ ನನ್ನನ್ನು ಕರೆದಳು.

"ನೀನು ಬರ್ಕೊಡು ಕಮ್ಲಿ, ನಾನು ಅದ್ರ ಮ್ಯಾಲೆ ದಾರ ಎಳ್ಕತೀನಿ. ಬಾಯಲ್ಲೇನೂ ಅನ್ನಾಕಿಲ್ವಲ್ಲ."

ನಾನು ಶಿವಣ್ಣ ಎಂದು ಬರೆದೆ. ಅವಳು ಹೊಲಿದಳು. ಚಿಕ್ಕಪ್ಪ ನೋಡಿ ರೇಜರನ್ನು ಅದರೊಳಗಿಟ್ಟ. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಅವಳ ಪಾಲಿಗೆ ಅದು ಕೆಂಪು ದಾರದ ಬಳ್ಳಿ.

ಮುಂಗಾರು ಹಿಡಿದಾಗ ಚಿಕ್ಕಪ್ಪನಿಗೆ ಜ್ವರ ಬಂತು. ಹಾಸನದ ಆಸ್ಪತ್ರೆಯವರು ವಿಷಮಶೀತಜ್ವರ ಎಂದರು, ನೀರು ಕಾಯಿಸಿ ಕುಡಿಯಿರಿ ಎಂದರು. ಅದೇ ವಾರ ನಮ್ಮ ಬೀದಿಯಲ್ಲಿ ಇನ್ನೂ ಮೂವರು ಅದೇ ಜ್ವರದಲ್ಲಿ ಮಲಗಿದ್ದರು. ಹದಿನೈದು ದಿನವಾದರೂ ಅವನ ಮೈಸುಡು ಇಳಿಯಲಿಲ್ಲ. ನೋಡಲು ಅಪ್ಪನ ಅಕ್ಕನ ಗಂಡ, ಚನ್ನರಾಯಪಟ್ಟಣದ ಮಾವ, ಬಂದ. ರೋಗಿಯ ಪಕ್ಕ ಹೊತ್ತು ಹೋಗದೆ ಗೋಡೆಯ ಮೇಲಿನ ಹೆಸರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದ. ಕೊನೆಯದನ್ನು ಓದಿ, ಪರವಾಗಿಲ್ಲವೇ, ಗಂಡನ ಹೆಸರನ್ನೂ ಹೊಲಿದಿದ್ದಾಳಲ್ಲ ಎಂದು ತಮಾಷೆ ಮಾಡಿದ. ಅಜ್ಜಿ ಕೈಯಲ್ಲಿದ್ದ ಗಂಜಿಯ ಲೋಟವನ್ನು ಕೆಳಗಿಟ್ಟಳು.

ಚೀಲವನ್ನು ಇಳಿಸಿ ನಡುಮನೆಯಲ್ಲಿ ಹಾಸಿದರು. ಅಪ್ಪ ಕಂಬಕ್ಕೆ ಒರಗಿ ನಿಂತಿದ್ದ, ಅವ್ವ ಒಳಬಾಗಿಲಲ್ಲಿದ್ದಳು, ಚಿಕ್ಕವ್ವನನ್ನು ಚೀಲದ ಮುಂದೆ ಕೂರಿಸಿದ್ದರು. ಅಜ್ಜಿ ನನ್ನನ್ನು ಕರೆದು ಆ ಹೆಸರಿನಲ್ಲಿ ಎಷ್ಟು ಹೊಲಿಗೆ ಇವೆಯೆಂದು ಎಣಿಸಲು ಹೇಳಿದಳು. ನಾನು ಬೆರಳಿಟ್ಟು ಎಣಿಸಿದೆ. ನಲವತ್ತೇಳು.

"ನಲವತ್ತೇಳು ಸಲ ಗಂಡನ ಹೆಸ್ರಿಗೆ ಸೂಜಿ ಚುಚ್ಚವ್ಳೆ. ಅವ್ನು ಇನ್ನೆಂಗೆ ಎದ್ದಾನು?" ಎಂದು ಅಜ್ಜಿ ಮಾವನ ಕಡೆ ತಿರುಗಿ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು. "ಅಕ್ಸರ ಬರ್ದಿದ್ಯಾರು?"

ನಾನು ಚಿಕ್ಕವ್ವ ಎಂದೆ. ಅವಳಿಗೆ ಬರೆಯಲು ಬಾರದು ಎಂಬುದು ಅಲ್ಲಿದ್ದವರಲ್ಲಿ ಮಾವನೊಬ್ಬನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಅಪ್ಪನಿಗೆ ನನ್ನ ಅಕ್ಷರದ ಗುರುತಿತ್ತು. ದಿನಾ ಸ್ಲೇಟು ನೋಡುತ್ತಿದ್ದವನು ಅವನೇ. ಅಪ್ಪ ನೆಲ ನೋಡಿದ. ಅಜ್ಜಿ, "ಕದ್ದು ಅಕ್ಸರ ಬ್ಯಾರೆ ಕಲ್ತವ್ಳೆ" ಎಂದಳು. ಚಿಕ್ಕವ್ವ ನನ್ನನ್ನು ನೋಡಿದಳು. ಸಿಟ್ಟಿನಿಂದ ನೋಡಿದಳೆಂದು ನಾನು ಬರೆಯಲಾರೆ; ಸೂಜಿಗೆ ದಾರ ಪೋಣಿಸುವಾಗ ನೋಡುವಂತೆ, ಕಣ್ಣು ಸಣ್ಣ ಮಾಡಿ ನೋಡಿದಳು. ಚಿಕ್ಕಪ್ಪನಿಗೆ ಆ ಹೊತ್ತು ಎಚ್ಚರವಿತ್ತು. ಅವನು ಮಗ್ಗುಲಾಗಿ ಗೋಡೆಯ ಕಡೆ ಮುಖ ಮಾಡಿಕೊಂಡ. ಜೇಬುಗಳನ್ನು ಬರಿದುಮಾಡಿಸಿ, ಚೀಲವನ್ನು ಅವಳ ಕೈಯಿಂದಲೇ ಬಚ್ಚಲ ಒಲೆಗೆ ಹಾಕಿಸಿದರು. ಕೋರಾ ಬಟ್ಟೆ ಬೇಗ ಹತ್ತಿಕೊಂಡಿತು. ಅಂದು ಕಾದ ನೀರಿನಲ್ಲೇ ನನಗೆ ಸ್ನಾನ ಮಾಡಿಸಿದರು.

ಜ್ವರ ಮುಂದಿನ ವಾರ ಇಳಿಯಿತು. ಚೀಲ ಸುಟ್ಟಿದ್ದಕ್ಕೇ ಇಳಿಯಿತೆಂದು ಅಜ್ಜಿ ಬೀದಿಗೆಲ್ಲ ಹೇಳಿದಳು, ಅಲ್ಲಿಗೆ ಚಿಕ್ಕವ್ವನನ್ನು ಮನೆಯಲ್ಲಿ ಇಟ್ಟುಕೊಳ್ಳುವ ಮಾತು ಮುಗಿಯಿತು. ಅವಳ ಅಣ್ಣ ಬಂದು ಕರೆದುಕೊಂಡು ಹೋದ. ಬಸ್ಸಿನವರೆಗೆ ಹೋಗಲು ನನ್ನನ್ನು ಬಿಡಲಿಲ್ಲ. ನಾನು ಕೇಳಲೂ ಇಲ್ಲ. ಮುಂದಿನ ಬೇಸಿಗೆಯಲ್ಲಿ ಚಿಕ್ಕಪ್ಪನಿಗೆ ಇನ್ನೊಂದು ಮದುವೆಯಾಯಿತು, ಎರಡು ಗಂಡುಮಕ್ಕಳಾದವು. ಹನ್ನೆರಡು ವರ್ಷ ನಮ್ಮ ಮನೆಯಿಂದ ಅರಕಲಗೂಡಿಗೆ ಒಂದು ಕಾಗದವೂ ಹೋಗಲಿಲ್ಲ.

೧೯೬೬ರಲ್ಲಿ ಚಿಕ್ಕಪ್ಪ ನಾಲೆಯ ಬದುವಿನ ಮೇಲೆ ಎದೆನೋವು ಬಂದು ಬಿದ್ದು ತೀರಿಕೊಂಡ. ಅಜ್ಜಿ ಬದುಕಿದ್ದಳು. ಮಣ್ಣು ಮಾಡಿ ಬಂದ ಕೂಡಲೇ ಅರಕಲಗೂಡಿಗೆ ಸುದ್ದಿ ಮುಟ್ಟಿಸಲು ಹೇಳಿದಳು: ಇವನು ಹೋದ ಮೇಲೆ ಅವಳು ಕುಂಕುಮ ಇಟ್ಟುಕೊಂಡು ತಿರುಗಬಾರದು. ಅಪ್ಪ ಹೊರಟ, ಹೆಣ್ಣೊಬ್ಬಳು ಜೊತೆಗಿರಲೆಂದು ನನ್ನನ್ನೂ ಕರೆದುಕೊಂಡ. ಚಿಕ್ಕವ್ವ ಅಣ್ಣನ ಮನೆಯ ಜಗುಲಿಯಲ್ಲಿ ಯಾರದೋ ರವಿಕೆಗೆ ಕಾಜಾ ಹೊಲಿಯುತ್ತಿದ್ದಳು. ನಮ್ಮನ್ನು ಕಂಡು ಎದ್ದು ಚಾಪೆ ಹಾಸಿದಳು. ವಿಷಯ ಕೇಳಿದ ಮೇಲೆ ಅವನ ಮಕ್ಕಳಿಗೆ ಎಷ್ಟು ವರ್ಷ ಎಂದು ವಿಚಾರಿಸಿದಳು, ಅಪ್ಪ ಹೇಳಿದ. ಆ ಕೇರಿಯ ಹೆಂಗಸರು ಅವಳನ್ನು ಬಾವಿಕಟ್ಟೆಗೆ ಕರೆದೊಯ್ದು ಬಳೆ ಒಡೆದರು. ಒಂದು ಚೂರು ಮಣಿಕಟ್ಟಿಗೆ ಚುಚ್ಚಿತ್ತು. ಅದನ್ನು ತೆಗೆಯಲು ಕೂತವಳು ನಾನು. ಪಕ್ಕದಲ್ಲಿ ಬೇರೆ ಯಾರೂ ಇರಲಿಲ್ಲ.

"ಅವತ್ತು ನಾನು ಬರ್ದೆ ಅಂತ ಹೇಳ್ಬೇಕಿತ್ತು ಚಿಕ್ಕವ್ವ" ಎಂದೆ.

"ಯಾರ್ಗೆ ಹೇಳೀಯೆ ಕಮ್ಲಿ? ಎಲ್ರಿಗೂ ಗೊತ್ತಿತ್ತಲ್ಲ."

ಕೈ ಹಿಂದಕ್ಕೆ ಎಳೆದುಕೊಂಡು, ಬಸ್ಸಿಗೆ ಹೊತ್ತಾಯಿತೆಂದು ನೆನಪಿಸಿದಳು.

ಅವಳು ೧೯೬೯ರಲ್ಲಿ ಅರಕಲಗೂಡಿನಲ್ಲೇ ತೀರಿಕೊಂಡಳು. ನಮ್ಮ ಮನೆಗೆ ಅವಳ ಅಣ್ಣನ ಕಾರ್ಡು ಬಂದಾಗ ತಿಥಿ ಮುಗಿದು ಎಂಟು ದಿನವಾಗಿತ್ತು.