ಸಣ್ಣ ತೂತಿನ ಗುಂಡು

ನನ್ನ ಸೋದರಮಾವ ಬೆಳ್ಳಿ ವ್ಯಾಪಾರಿ. ಹುಪರಿಯ ಮನೆಮನೆಗಳಲ್ಲಿ ತಯಾರಾಗುವ ಕಾಲ್ಗೆಜ್ಜೆ, ಕಾಲುಂಗುರಗಳನ್ನು ಕೊಂಡು ಊರೂರ ಅಂಗಡಿಗಳಿಗೆ ಮುಟ್ಟಿಸುವ ಕೆಲಸ. ಆ ಬೆಳ್ಳಿಯ ಕಾವಲಿಗೆಂದು ಅವರ ಬಳಿ ಲೈಸೆನ್ಸಿನ ರಿವಾಲ್ವರ್ ಇತ್ತು. ಅದು ಹಾರಿದ್ದನ್ನು ಯಾರೂ ಕೇಳಿರಲಿಲ್ಲ. ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೆ ಪೂಜೆಯ ದಿನ ಹೊರಬಂದು, ವಿಭೂತಿ ಹಚ್ಚಿಸಿಕೊಂಡು, ಮತ್ತೆ ಚೀಲ ಸೇರುತ್ತಿತ್ತು. ನಮ್ಮದು ಲಿಂಗ ಕಟ್ಟಿಕೊಂಡ ಮನೆತನ. ಮೊಟ್ಟೆ ಸಹ ಹೊಸ್ತಿಲು ದಾಟಿದ್ದಿಲ್ಲ. ನನಗೆ ಮಾತು ಕಲಿಸಿದ ಅಜ್ಜಿ ಒಲೆಗೆ ಕಟ್ಟಿಗೆ ಇಡುವ ಮುನ್ನ ಅದನ್ನು ನೆಲಕ್ಕೆ ಬಡಿದು ಇರುವೆ ಉದುರಿಸುತ್ತಿದ್ದಳು. ಅಂಥವಳ ಮಗ ಈ ಮಾವ.

ಹಲಕರ್ಣಿಯ ಆಚೆ, ಕಾಡಿನ ಅಂಚಿಗೆ ಮಾವನ ಕಬ್ಬಿನ ಹೊಲ. ಆ ವರ್ಷ ಮಗ್ಗುಲ ಹೊಲದವನೊಬ್ಬನನ್ನು ಕಾಡುಕೋಣ ತಿವಿದು ಕೊಂದಿತು. ಆ ಕಡೆಯವರ ಬಾಯಲ್ಲಿ ಅದು ಗವಾ. ಅತ್ತೆ ಹೆದರಿದರು. ಹೊಲಕ್ಕೆ ಹೋಗುವಾಗಲೂ ರಿವಾಲ್ವರ್ ಇರಲಿ ಎಂದು ಹಟ ಹಿಡಿದರು. ಹಳೆಯ ಗುಂಡುಗಳು ಪೂಜೆಯ ಎಣ್ಣೆ ಕುಡಿದು ಕೆಟ್ಟಿದ್ದವು. ಹೊಸವನ್ನು ಕೊಳ್ಳಲು ಮಾವ ಕೊಲ್ಲಾಪುರಕ್ಕೆ ಹೊರಟಾಗ ಇಚಲಕರಂಜಿಯಿಂದ ನಾನೂ ಜೊತೆಯಾದೆ.

ಬಂದೂಕಿನ ಅಂಗಡಿಯ ಮುದುಕ ಎರಡು ಡಬ್ಬಿ ಮುಂದಿಟ್ಟ. "ಬಘಾ, ನೋಡ್ರಿ, ಇದು ಬರೇ ಸೀಸದ್ದು. ಮೆತ್ತಗ ಐತಿ, ಒಳಗ ಹೋಗಿ ಅಗಲ ಆಗತೈತಿ. ಇದಕ್ಕ ತಾಮ್ರದ ಕವಚ. ಸೂಜಿ ಹಂಗ ಈ ಕಡೆ ಹೊಕ್ಕು ಆ ಕಡೆ ಬರ್ತೈತಿ."

"ಯಾವುದರಿಂದ ಜೀವ ಹೋಗೂದಿಲ್ರಿ?" ಎಂದರು ಮಾವ.

ಮುದುಕ ಕನ್ನಡಕ ಮೇಲೇರಿಸಿ ನೋಡಿದ. "ಸಾವ್ಕಾರ, ಜೀವ ಹೋಗಬಾರ್ದಂದ್ರ ಮಗ್ಗಲ ಅಂಗಡ್ಯಾಗ ಶಿಟ್ಟಿ ಸಿಗತೈತಿ, ತಗೊಂಡು ಊದ್ಕೋತ ಹೋಗ್ರಿ." ಅಂಗಡಿಯಲ್ಲಿದ್ದವರು ನಕ್ಕರು. ಆಮೇಲೆ ಅವನೇ ತಣ್ಣಗೆ ಹೇಳಿದ: "ಈ ರಿವಾಲ್ವರ್ ಮನಶ್ಯಾನ್ನ ಹೆದರಸಾಕ ಐತಿ. ಅಡವ್ಯಾಗಿನ ದೊಡ್ಡ ಜನಾವರಕ್ಕ ಸಾಲೂದಿಲ್ಲ. ಗವಾಗ ಹೊಡದ್ರ ಅದಕ್ಕ ಸಿಟ್ಟು ಬರ್ತೈತಿ, ಅಷ್ಟ. ಒಯ್ಯೂದ ಆದ್ರ ಸೀಸದ್ದು ಒಯ್ರಿ."

ಮಾವ ತಾಮ್ರದ ಡಬ್ಬಿ ಎತ್ತಿಕೊಂಡರು. ಬಸ್ಸಿನಲ್ಲಿ ನಾನು ಕೇಳಿದ್ದಕ್ಕೆ ಹೇಳಿದರು: "ಹೊಡೀಬೇಕಾತು ಅಂತ ತಿಳಕೊ. ಸಣ್ಣ ತೂತು ಬಿದ್ರ ನೆಕ್ಕೊಂಡು ವಾಸಿ ಮಾಡ್ಕೋತೈತಿ. ತೂತು ಸಣ್ಣದಾದ್ರ ಪಾಪಾನೂ ಸಣ್ಣದು." ನನಗೂ ಅದು ನ್ಯಾಯವೆನಿಸಿತು. ನಮ್ಮ ಮನೆಯಲ್ಲಿ ಬೆಳೆದ ಯಾರಿಗಾದರೂ ಹಾಗೇ ಅನಿಸುತ್ತಿತ್ತು.

ಸುಗ್ಗಿಗೆ ಮುಂಚೆ, ನಾನು ಕೆಲಸ ಮಾಡುವ ಯಡ್ರಾವದ ಮಗ್ಗಗಳು ಕರೆಂಟಿಲ್ಲದೆ ನಿಂತಾಗ, ನನಗೆ ರಜೆ ಸಿಕ್ಕಿತು. ಹೊಲದ ಮನೆಗೆ ಹೋಗಿದ್ದೆ. ಹೊತ್ತು ಮುಳುಗುವಾಗ ಮಾವ ನೀರು ತಿರುವಲು ಕಾಲುವೆಗೆ ಇಳಿದಿದ್ದರು. ಕಬ್ಬಿನೊಳಗೆ ಏನೋ ದೊಡ್ಡದು ಮುರಿಯುತ್ತ ಅವರ ಕಡೆಗೇ ಬಂತು. ನನಗೂ ಕೇಳಿಸಿತು. ಮಾವ ಹಾರಿಸಿಯೇಬಿಟ್ಟರು, ಎರಡು ಸಲ. ಕಬ್ಬು ಹಿಂದಕ್ಕೆ ಮುರಿಯುತ್ತ ಹೋಗಿ ಸದ್ದು ನಿಂತಿತು.

"ಗವಾ ಹೋತು," ಎಂದು ಮಾವ ಬಂದು ಕಟ್ಟೆಯ ಮೇಲೆ ಕೂತರು. ಅವರ ಚಪ್ಪಲಿ ಕಾಲುವೆಯಲ್ಲೇ ಉಳಿದಿತ್ತು.

ಬೆಳಿಗ್ಗೆ ಅದನ್ನು ಮೊದಲು ಕಂಡವರು ಅತ್ತೆ. ಕಾಡುಕೋಣವಲ್ಲ, ಹೆಣ್ಣು ಕಡವೆ. ಬದುವಿನ ಹತ್ತಿರ ಕಬ್ಬಿನ ಒಣ ಸೋಗೆಯ ರವದಿಯ ಮೇಲೆ ಮಲಗಿತ್ತು. ಹೊಟ್ಟೆಯ ಮೇಲೆ ಹುಣಸೆ ಬೀಜದಷ್ಟು ಕಪ್ಪು ಗುರುತು, ಹೆಚ್ಚು ರಕ್ತವೂ ಇಲ್ಲ. ಹೊಟ್ಟೆ ಮಾತ್ರ ಉಬ್ಬಿತ್ತು. ಉಸಿರಿಗೊಮ್ಮೆ ಹಿಂಗಾಲು ನೆಲ ಕೆರೆಯುತ್ತಿತ್ತು; ರಾತ್ರಿಯೆಲ್ಲ ಕೆರೆದು ಅಲ್ಲೊಂದು ಕುಣಿಯೇ ಆಗಿತ್ತು.

ಮಾವ ದನದ ಡಾಕ್ಟರಿಗೆ ಫೋನ್ ಮಾಡಿದರು. ಅಡವಿಯ ಜನಾವರ, ನಾನು ಮುಟ್ಟುವಂತಿಲ್ಲ ಎಂದು ಅವರು ಇಟ್ಟುಬಿಟ್ಟರು. ಬದುವಿನಾಚೆಯ ರೈತ ಬಂದು ನೋಡಿ ತಲೆ ಅಲ್ಲಾಡಿಸಿದ. "ಮ್ಯಾಲ ರವದಿ ಮುಚ್ರಿ ಅಣ್ಣಾರ. ನಾಳೆ ತನಕ ಹೋಗಿರತೈತಿ. ಬಾಯಿ ಬಿಟ್ರ ಜೇಲು."

"ನಾಳೆ ತನಕ ಅದು ಹಿಂಗ ಕೆರೀಬೇಕೇನ?" ಎಂದರು ಅತ್ತೆ. ಮಾವನ ಕಡೆ ತಿರುಗಿದರು. "ನೀವ ಹೊಡದೀರಿ. ನೀವ ಮುಗಸ್ರಿ."

"ಕೊಂದಂಗ ಆಗತೈತಿ."

"ಈಗೇನ್ ಉಳಿಸೀರೇನ್ರಿ?"

ಮಾವ ತಂಬಿಗೆಯಲ್ಲಿ ನೀರು ತಂದು ಅದರ ಬಾಯಿಗೆ ಬಿಟ್ಟರು. ನೀರು ಆ ಕಡೆಯಿಂದ ಹರಿದುಹೋಯಿತು. ಆಮೇಲೆ ತಾವೇ ಅರಣ್ಯ ಇಲಾಖೆಗೆ ಫೋನ್ ಮಾಡಿ, ತಪ್ಪು ಒಪ್ಪಿಕೊಂಡು, ಬನ್ನಿ ಎಂದರು. ಧೈರ್ಯದಿಂದಲ್ಲ. ಬಂದವರು ಆ ಕೆಲಸ ಮಾಡಿಯಾರು, ತಮ್ಮ ಕೈಗೆ ಬರಲಾರದು ಎಂಬ ಆಸೆಯಿಂದ. ಅದು ಅವರ ಮುಖದಲ್ಲೇ ಕಾಣುತ್ತಿತ್ತು.

ಗಾರ್ಡ್ ಬರುವ ಹೊತ್ತಿಗೆ ಬಿಸಿಲು ಏರಿತ್ತು. ಒಳ್ಳೆಯ ಮನುಷ್ಯ, ನಮ್ಮ ಕಡೆಯ ಮಾತಿನವನು. ಕೂತು ನೋಡಿ, "ಹೊಟ್ಟ್ಯಾಗ ಹರದೈತಿ, ಬದುಕೂದಿಲ್ಲ," ಎಂದ.

"ಮತ್ತ ನೀವು ಮುಗಸ್ರಿ," ಎಂದರು ಮಾವ.

"ನನಗ ಅಧಿಕಾರ ಇಲ್ರಿ. ಸಾಹೇಬ್ರು ಬರಬೇಕು, ಡಾಕ್ಟರ್ ಬರಬೇಕು. ಸಾಹೇಬ್ರು ಮೀಟಿಂಗಿಗೆ ಕೊಲ್ಲಾಪುರಕ್ಕ ಹೋಗ್ಯಾರ."

ನಾವೆಲ್ಲ ಅದರ ಸುತ್ತ ನಿಂತೆವು. ಡಾಕ್ಟರಿಗೆ ಕಾನೂನು, ಗಾರ್ಡಿಗೆ ಆರ್ಡರು, ನನ್ನ ಮಾವನಿಗೆ ಕೊರಳ ಲಿಂಗ. ಎಲ್ಲರ ಕೈಯೂ ಶುದ್ಧವಾಗಿತ್ತು. ಕಡವೆ ಮಾತ್ರ ಕೆರೆಯುತ್ತಲೇ ಇತ್ತು. ನೊಣಗಳು ಅದರ ಕಣ್ಣಿಗೆ ಕೂತಾಗ ಅತ್ತೆ ಸೆರಗಿನಿಂದ ಓಡಿಸುತ್ತಿದ್ದರು. ಒಮ್ಮೆ ಅದು ಕತ್ತೆತ್ತಿ ಕಾಡಿನ ಕಡೆ ನೋಡಲು ಹೋಯಿತು, ತಲೆ ಬಿದ್ದುಹೋಯಿತು.

ಮಾವ ಎದ್ದು ಒಳಗೆ ಹೋದರು. ಬಂದಾಗ ಲಿಂಗದ ಕರಡಿಗೆಯನ್ನು ಎದೆಯಿಂದ ಸರಿಸಿ ಬೆನ್ನಿಗೆ ಹಾಕಿಕೊಂಡಿದ್ದರು. ಕೈಯಲ್ಲಿ ರಿವಾಲ್ವರ್.

"ಬ್ಯಾಡ್ರಿ," ಎಂದ ಗಾರ್ಡ್. "ನಿನ್ನಿದು ತಪ್ಪಿ ಆಗೈತಿ. ಇದು ನನ್ನ ಕಣ್ಣ ಮುಂದ ಆದ್ರ ಕೇಸು ಬ್ಯಾರೇನ ಆಗತೈತಿ."

"ಆ ಕಡೆ ನೋಡ್ರಿ ಹಂಗಾರ," ಎಂದರು ಅತ್ತೆ.

ಗಾರ್ಡ್ ನಿಜವಾಗಿಯೂ ಆ ಕಡೆ ತಿರುಗಿದ. ಮಾವ ಮೊಣಕಾಲೂರಿ ಕಿವಿಯ ಹಿಂದೆ ನಳಿಗೆ ಇಟ್ಟರು. ಸದ್ದಾಯಿತು. ಕಾಲು ನಿಂತಿತು.

ಸಂಜೆ ಪಂಚನಾಮೆ ಬರೆಯುವಾಗ ಗಾರ್ಡ್ ದನಿ ಇಳಿಸಿದ. "ಗವಾ ಅಂತ ತಿಳದು ಕತ್ತಲಾಗ ಹಾರಿಸಿದೆ, ಎಲ್ಲಾ ಗುಂಡೂ ಆಗ್ಲೇ ಹಾರಿದ್ವು ಅಂತ ಬರೀತೇನಿ. ಸಹಿ ಮಾಡ್ರಿ. ನಿಮಗ ಹಗರ ಆಗತೈತಿ."

ಮಾವ ಪೆನ್ನು ಹಿಡಿಯಲಿಲ್ಲ. "ಮೊದಲಿನವು ಹಂಗ ಬರೀರಿ. ಕಡೀದ್ದು ಹಗಲಾಗ, ನೋಡಿ, ಬೇಕಂತ ಹೊಡದೇನಿ. ಅದನ್ನ ತಪ್ಪಿ ಹೊಡದದ್ದು ಅನ್ನಬ್ಯಾಡ್ರಿ."

ಗಾರ್ಡ್ ಅತ್ತೆಯ ಮುಖ ನೋಡಿದ.

"ಅವರು ಹೇಳಿದಂಗ ಬರೀರಿ," ಎಂದರು ಅತ್ತೆ.

ರಿವಾಲ್ವರ್ ಹೋಯಿತು, ಲೈಸೆನ್ಸ್ ಹೋಯಿತು. ಕೇಸು ಇನ್ನೂ ನಡೆದಿದೆ. ಗಡಹಿಂಗ್ಲಜದ ಕೋರ್ಟಿನಲ್ಲಿ ತಾರೀಖು ಬಂದಾಗಲೆಲ್ಲ ವಕೀಲರು ಬೇಕೆಂದೇ ಹೊಡೆದೆ ಎಂಬ ಆ ಒಂದು ಸಾಲು ಸುಳ್ಳೆಂದು ಹೇಳಿಬಿಡಿ, ಶಿಕ್ಷೆ ಕಡಿಮೆಯಾದೀತು ಎನ್ನುತ್ತಾರೆ. ಮಾವ ಇವತ್ತಿಗೂ ಒಪ್ಪಿಲ್ಲ.