ಮುಟ್ಟದೆ ಕಲಿತ ಇನ್ನೂರಾ ಆರು ಎಲುಬು

ಹೋದ ವಾರ ನನ್ನ ದವಾಖಾನೆಯ ಗೋಡೆಗೆ ಒಂದು ಹೊಸ ಕ್ಯಾಲೆಂಡರು ಬಂತು. ಔಷಧ ಕಂಪನಿಯವರು ಪುಕ್ಕಟೆ ಕೊಟ್ಟದ್ದು. ಮೇಲೆ ಉದ್ದಕ್ಕೆ ನಿಂತ ಅಸ್ಥಿಪಂಜರದ ಚಿತ್ರ, ಕೆಳಗೆ ಅಂಗೈಯಷ್ಟು ಜಾಗದಲ್ಲಿ ತಾರೀಖುಗಳು. ಡಾಕ್ಟರನ ಗೋಡೆ ಖಾಲಿ ಇದ್ದರೆ ನಮ್ಮ ಹುಮನಾಬಾದಿನ ರೋಗಿಗಳಿಗೆ ನಂಬಿಕೆ ಬರುವುದಿಲ್ಲ ನೋಡಿ, ಅದಕ್ಕೇ ತೂಗುಹಾಕಿದೆ. ಮರುದಿನ ದುಬಲಗುಂಡಿಯಿಂದ ಮೊಣಕಾಲು ನೋವೆಂದು ಬಂದ ಮುದುಕಿಯೊಬ್ಬಳು ನನ್ನ ಮಾರಿ ಬಿಟ್ಟು ಅದನ್ನೇ ನೋಡುತ್ತ ಕೂತಳು.

“ಇವು ಯಾರ ಎಲುಬರಿ ಡಾಕ್ಟರ್?”

“ಯಾರದಾದ್ರ ಏನಬೇ, ಮನುಷ್ಯಾಂದು.”

“ಅದು ನನಗೂ ಕಾಣತದ. ಯಾವ ಮಂದಿದು ಅಂತ ಕೇಳಿದೆ.”

ಯಾವ ಮಂದಿ ಅಂದರೆ ಯಾವ ಜಾತಿ. ನಾನು ನಕ್ಕು, ಗುಳಿಗೆ ಬರೆದುಕೊಟ್ಟು ಕಳಿಸಿದೆ. ಆಕೆ ಓದದ ಹೆಣ್ಣುಮಗಳು, ಬಾಯಿ ಬಿಟ್ಟು ಒಮ್ಮೆ ಕೇಳಿದಳು. ನಾನು ಅದೇ ಪ್ರಶ್ನೆಯನ್ನು ಬಾಯಿ ಬಿಡದೆ ಒಂದು ವರ್ಷ ಪೂರ್ತಿ ಕೇಳಿದವನು, ಅದೂ ಕಾಲೇಜಿನಲ್ಲಿ ಕೂತು.

ಎಂಬತ್ತರ ದಶಕದ ಕೊನೆಯ ಮಾತು. ಕಲ್ಯಾಣದಲ್ಲಿ ಆಗ ಒಂದು ಆಯುರ್ವೇದ ಕಾಲೇಜು ಇತ್ತು. ಈಗ ಇಲ್ಲ, ಹೆಸರು ಹೇಳಿ ಫಾಯದೆಯೂ ಇಲ್ಲ. ಎರಡು ಕೋಣೆ, ಒಂದು ಬೋರ್ಡು. ದೂರದಿಂದ ನೋಡಿದರೆ ಬೋರ್ಡೇ ದೊಡ್ಡದಾಗಿ ಕಾಣುತ್ತಿತ್ತು. ಮೊದಲ ವರ್ಷ ಶಾರೀರ ಶಾಸ್ತ್ರ. ಮೈಯೊಳಗೆ ಏನೇನಿದೆ ಎನ್ನುವುದು ರಚನಾ ಶಾರೀರ, ಅದು ಹೇಗೆ ನಡೆಯುತ್ತದೆ ಎನ್ನುವುದು ಕ್ರಿಯಾ ಶಾರೀರ. ಎರಡಕ್ಕೂ ಒಬ್ಬರೇ ಸರ್. ಇಸ್ತ್ರಿ ಮುರಿಯದ ಬಿಳಿ ಅಂಗಿ, ಕಿಸೆಯಲ್ಲಿ ಅತ್ತರು ಹಚ್ಚಿದ ಕರವಸ್ತ್ರ. ಹಳೆಯ ಗ್ರಂಥದ ಲೆಕ್ಕಕ್ಕೆ ಮನುಷ್ಯನ ಎಲುಬು ಮುನ್ನೂರು, ಹೊಸ ಪುಸ್ತಕದ ಲೆಕ್ಕಕ್ಕೆ ಇನ್ನೂರಾ ಆರು. ಉಳಿದವು ಎಲ್ಲಿ ಹೋದವು ಎಂದು ಒಬ್ಬ ಕೇಳಿಯೇಬಿಟ್ಟ. ಸರ್ ಕೆಮ್ಮಿದರು. “ಪ್ರಾಚೀನ ಅಂತ ಕೇಳಿದ್ರ ಮುನ್ನೂರು ಬರೀರಿ, ಆಧುನಿಕ ಅಂತ ಕೇಳಿದ್ರ ಇನ್ನೂರಾ ಆರು. ಎಣಿಸಾಕ ಯಾರೂ ಬರೂದಿಲ್ಲ.” ನಾವು ಅದನ್ನೂ ಬರೆದುಕೊಂಡೆವು.

ಒಂದು ದಿನ ಹೈದರಾಬಾದಿನಿಂದ ತಗಡಿನ ಟ್ರಂಕು ಬಂತು. ಒಳಗೆ ನಿಜವಾದ ಎಲುಬುಗಳು. ಸರ್ ಅದರಿಂದ ಮೂರು ಮಾರು ದೂರ ನಿಂತು, ಮೂಗಿಗೆ ಕರವಸ್ತ್ರ ಒತ್ತಿ, ಹಾಜರಿ ಪುಸ್ತಕ ತಿರುವಿದರು. ಕೊನೆಗೆ ಬೆರಳು ಒಂದು ಹೆಸರಿನ ಮೇಲೆ ನಿಂತಿತು. ಮಾಣಿಕ. ಮುಡಬಿಯ ಹುಡುಗ. ಅಪ್ಪ ಅವ್ವ ಕೂಲಿ ಮಾಡುವವರು, ಬೌದ್ಧರಾದ ದಲಿತರು. ಕ್ಲಾಸಿನಲ್ಲಿ ಅವನ ಬೆಂಚಿನಲ್ಲಿ ಯಾವಾಗಲೂ ಇನ್ನೊಬ್ಬರಿಗೆ ಜಾಗ ಇರುತ್ತಿತ್ತು, ಇನ್ನೊಬ್ಬರು ಇರುತ್ತಿರಲಿಲ್ಲ.

“ಮಾಣಿಕ, ನೀ ತೆಗಿ.”

“ನಾನೇ ಯಾಕ್ರಿ ಸರ್?”

“ನಿಮ್ಮ ಮಂದಿಗಿ ರೂಢಿ ಇರತದಲ್ಲ.”

ನಾವೆಲ್ಲ ನಕ್ಕೆವು. ನಾನೂ ನಕ್ಕೆ, ಮುಂದಿನ ಸಾಲಿನಲ್ಲಿ ಕೂತಿದ್ದರಿಂದ ಸ್ವಲ್ಪ ಜೋರಾಗಿಯೇ ನಕ್ಕೆ. ಮಾಣಿಕ ಎದ್ದು ನಿಂತ. “ಮನುಷ್ಯಾರ ಎಲುಬು ಹಿಡಿಯೋ ರೂಢಿ ನಮ್ಮ ಮನ್ಯಾಗ ಯಾರಿಗೂ ಇಲ್ರಿ ಸರ್. ಆದ್ರ ಕಲೀಲಾಕ ಬಂದೀನಿ,” ಎಂದು ಹೇಳಿ ಟ್ರಂಕಿನ ಮುಚ್ಚಳ ತೆಗೆದ.

ಅಂದಿನಿಂದ ಅದೇ ಪದ್ಧತಿಯಾಯಿತು. ಮಾಣಿಕ ಎಲುಬು ಎತ್ತಿ ಹಿಡಿಯುವುದು, ಸರ್ ಬೆತ್ತದ ತುದಿಯಿಂದ ತೋರಿಸುವುದು, ನಾವು ಚಿತ್ರ ಬರೆಯುವುದು. ನನ್ನ ನೋಟ್‌ಬುಕ್ಕು ಇಡೀ ಕ್ಲಾಸಿಗೇ ಮಾದರಿ. ಕೆಂಪು ಪೆನ್ಸಿಲಿನಲ್ಲಿ ಶುದ್ಧ ರಕ್ತ, ನೀಲಿಯಲ್ಲಿ ಅಶುದ್ಧ ರಕ್ತ, ಒಂದು ಹನಿ ಗೆರೆ ದಾಟುವಂತಿರಲಿಲ್ಲ. ಎಲುಬು ಹಿಡಿದು ನಿಂತವನ ನೋಟ್‌ಬುಕ್ಕು ಮಾತ್ರ ಖಾಲಿ. ಎರಡೂ ಕೈ ತುಂಬಿರುವಾಗ ಅವನು ಬರೆಯುವುದಾದರೂ ಯಾವುದರಿಂದ?

ಶನಿವಾರ ಹುಮನಾಬಾದಿಗೆ ಹೋದರೆ ಅವ್ವ ನನ್ನನ್ನು ಅಂಗಳದಲ್ಲೇ ತಡೆದು, ಬಿಸಿನೀರು ಸುರಿದು, ಆಮೇಲೆ ಒಳಗೆ ಬಿಡುತ್ತಿದ್ದಳು. ಟ್ರಂಕಿನ ಸುದ್ದಿ ಕೇಳಿದಂದಿನಿಂದ ಈ ಏರ್ಪಾಡು. ಒಂದು ಸಲ ಥಂಡಿಗೆ ನಡುಗುತ್ತ ಹೇಳಿದೆ: “ಅವ್ವಾ, ನಾ ಏನೂ ಮುಟ್ಟಿಲ್ಲ. ನಮ್ಮ ಪರವಾಗಿ ಮುಟ್ಟಾಕ ಒಬ್ಬ ಹುಡುಗ ಇದ್ದಾನ.”

ಅವ್ವ ತಂಬಿಗೆ ಹಿಡಿದ ಕೈ ನಿಲ್ಲಿಸಿದಳು. “ಹಂಗಾದ್ರ ನಿಮ್ಮ ಪರವಾಗಿ ಡಾಕ್ಟರ್ ಆಗೋನೂ ಅವನೇ ಏನು?”

ನನಗೆ ಸಿಟ್ಟು ಬಂತು. ಶಾಲೆಯ ಮೆಟ್ಟಿಲು ಹತ್ತದವರ ಬಾಯಲ್ಲಿ ಇಂಥ ಪ್ರಶ್ನೆ ಬಂದರೆ ಓದಿದವರಿಗೆ ಸಿಟ್ಟು ಬರುವುದು ಸಹಜ.

ವರ್ಷದ ಕೊನೆಗೆ ಪ್ರಾಕ್ಟಿಕಲ್ ಪರೀಕ್ಷೆ. ಹೊರಗಿನಿಂದ ಪರೀಕ್ಷೆ ತೆಗೆದುಕೊಳ್ಳಲು ವಯಸ್ಸಾದ ಒಬ್ಬ ಹೆಣ್ಣುಮಗಳು, ನಮ್ಮ ಕಡೆಯ ಮಾತಿನಲ್ಲಿ ‘ಬಾಯಿ’, ಬಂದರು. ಹತ್ತಿ ಸೀರೆ, ದಪ್ಪ ಕನ್ನಡಕ. ಬಂದವರೇ ಟ್ರಂಕು ತೆಗೆಸಿ, ಒಂದೆರಡು ಎಲುಬುಗಳ ಮೇಲೆ ಹೆಬ್ಬೆರಳು ಆಡಿಸಿದರು. “ವರ್ಷ ಪೂರ್ತಿ ಇಪ್ಪತ್ತು ಮಂದಿ ಹಿಡದ ಎಲುಬು ನುಣ್ಣಗ ಆಗಬೇಕು. ಇವು ಬಂದಾಗ ಹ್ಯಾಂಗಿದ್ದವೋ ಹಂಗೇ ಅವಲ್ಲ,” ಎಂದರು. ಸರ್ ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು. ಬಾಯಿ ಮತ್ತೇನೂ ಕೇಳದೆ ನಮ್ಮ ಮೆಸ್ಸಿನ ಅಡಿಗೆಮನೆಯ ಕಡೆ ಒಂದು ಸುತ್ತು ಹೋಗಿ ಬಂದರು. ನೀರು ಕುಡಿಯಲು ಹೋದರೆಂದು ತಿಳಿದೆವು.

ಮೊದಲು ಕರೆದದ್ದು ನನ್ನನ್ನು. ಮೇಜಿನ ಮೇಲೆ ಒಂದು ಬಟ್ಟೆಯ ಚೀಲ. “ಒಳಗ ಕೈ ಹಾಕ್ರಿ. ನೋಡಬ್ಯಾಡ್ರಿ. ಕೈಗೆ ಏನು ಹತ್ತತದ, ಹೇಳ್ರಿ.”

ಜನ್ಮದಲ್ಲಿ ಮೊದಲ ಸಲ ಎಲುಬು ಮುಟ್ಟುವ ಹೊತ್ತು ಬಂದಿತ್ತು. ಕಣ್ಣು ಮುಚ್ಚಿ ಕೈ ಹಾಕಿದೆ. ಉದ್ದಕ್ಕೆ, ನುಣ್ಣಗೆ, ನಡುವೆ ದಪ್ಪಗೆ ಏನೋ ಸಿಕ್ಕಿತು. ಮೈಯೆಲ್ಲ ಮುಳ್ಳು. ಆದರೂ ನೋಟ್‌ಬುಕ್ಕಿನ ಪುಟ ಕಣ್ಣ ಮುಂದೆ ಬಂತು. “ಬಲ ತೋಳಿನ ಎಲುಬು ಮೇಡಂ. ವಯಸ್ಕ ಪುರುಷಂದು,” ಎಂದೆ. ಮೇಲಿನ ತುದಿ, ಕೆಳಗಿನ ತುದಿ, ಅಲ್ಲಿ ಅಂಟಿಕೊಳ್ಳುವ ಸ್ನಾಯುಗಳು, ಎಲ್ಲವನ್ನೂ ತಡೆಯಿಲ್ಲದೆ ಒಪ್ಪಿಸಿದೆ. ಬಾಯಿ ಕೊನೆತನಕ ತಾಳ್ಮೆಯಿಂದ ಕೇಳಿದರು.

“ಛಲೋ ಹೇಳಿದ್ರಿ. ಈಗ ಹೊರಗ ತೆಗೀರಿ.”

ತೆಗೆದೆ. ಲಟ್ಟಣಿಗೆ. ಚಪಾತಿ ಲಟ್ಟಿಸುವ ಲಟ್ಟಣಿಗೆ. ನಮ್ಮ ಮೆಸ್ಸಿನದೇ. ತುದಿಗೆ ಇನ್ನೂ ಹಿಟ್ಟು ಹತ್ತಿಕೊಂಡಿತ್ತು.

“ಪುರುಷಂದು ಅನ್ನೂದು ಹ್ಯಾಂಗ ಗೊತ್ತಾಯ್ತು?” ಎಂದರು ಬಾಯಿ.

ನನ್ನ ಹಿಂದಿನವರ ಗತಿಯೂ ಬೇರೆಯಾಗಲಿಲ್ಲ. ಬಾಯಿ ಚೀಲದ ಸರಕು ಬದಲಿಸುತ್ತಿದ್ದರು. ಲಟ್ಟಣಿಗೆ ತಪ್ಪಿಸಿಕೊಂಡವನು ಎಡಗಡೆಯ ಎಲುಬೋ ಬಲಗಡೆಯದೋ ಎನ್ನುವುದಕ್ಕೆ ಸಿಕ್ಕಿಬಿದ್ದ. ಕೊನೆಗೆ ಮಾಣಿಕ ಬಂದ. ಚೀಲದಲ್ಲಿ ಕೈ ಹಾಕಿ ಕ್ಷಣ ತಡೆದ.

“ಎಡಗಡಿ ಕೊರಳೆಲುಬುರಿ. ಸಣ್ಣದು, ತೆಳ್ಳಗದ, ಹೆಣ್ಣುಮಗಳದಿರಬೇಕು. ಒಮ್ಮೆ ಮುರದು ಕೂಡ್ಯಾದ.”

“ಅದ್ಹ್ಯಾಂಗ ಹೇಳತಿ?”

“ನಡುವ ಗಂಟದರಿ. ನಮ್ಮವ್ವಂದೂ ಹಿಂಗೇ ಅದ. ಮೇವಿನ ಹೊರಿ ಹೊತ್ತು ಬರಾಕತ್ತಾಗ ಬಿದ್ದಿದ್ದಳು.”

ಬಾಯಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಎಲುಬು ಹೊರಗೆ ತೆಗೆದು ಆ ಗಂಟಿನ ಮೇಲೆ ತಾವೂ ಹೆಬ್ಬೆರಳು ಆಡಿಸಿದರು.

ಕ್ಲಾಸಿನಲ್ಲಿ ಪಾಸಾದವನು ಅವನೊಬ್ಬನೇ. “ಲಕ್ಕು” ಎಂದರು ಸರ್. ನಾವೂ ಹೌದೆಂದೆವು. ಆದರೆ ಲಕ್ಕಿನ ಮೇಲೆ ಮರುಪರೀಕ್ಷೆ ಬರೆಯಲಾಗುವುದಿಲ್ಲವಲ್ಲ. ಹದಿನೈದು ದಿನ ಮೀಸೆ ತಿರುವಿ, ಹದಿನಾರನೆಯ ದಿನ ಮಾಣಿಕನ ಮುಂದೆ ಹೋಗಿ ನಿಂತೆ. ಹಳೆಯದನ್ನೆಲ್ಲ ತೀರಿಸಿಕೊಳ್ಳಲು ಅವನಿಗೆ ಒಳ್ಳೆಯ ಅವಕಾಶವಿತ್ತು. ಬಳಸಲಿಲ್ಲ ಎಂದರೆ ಸುಳ್ಳಾದೀತು. “ರವಿವಾರ ಮುಡಬಿಗಿ ಬಾ. ಕಾಲೇಜಿನಾಗ ಕಲಸೂದಿಲ್ಲ, ನಮ್ಮ ಮನ್ಯಾಗೇ ಕಲಸ್ತೀನಿ,” ಎಂದ.

ಹೋದೆ. ಕಡು ಬೇಸಿಗೆ. ಬಸ್ಸು ದಾರಿಯಲ್ಲಿ ಕೆಟ್ಟು ಕೊನೆಯ ಎರಡು ಮೈಲಿ ನಡೆದೆ. ಅವನ ಅವ್ವ ಶಾಂತಾಬಾಯಿ ಬಾಗಿಲ ನೆರಳಲ್ಲಿ ಕೂತು ಕುಡುಗೋಲು ಮಸೆಯುತ್ತಿದ್ದರು. ಮಾಣಿಕ ಪೀಠಿಕೆಯಿಲ್ಲದೆ ಅಂದ: “ಪುಸ್ತಕ ಮುಚ್ಚು. ಮೊದಲ ಅವ್ವನ ಕೊರಳೆಲುಬು ನೋಡು.”

ನನ್ನ ಕೈ ಮೇಲೇಳಲಿಲ್ಲ. ಶಾಂತಾಬಾಯಿ ಸೆರಗು ಸ್ವಲ್ಪ ಸರಿಸಿ ನಕ್ಕರು. “ಮುಟ್ಟಪ್ಪಾ. ಮೈಲಿಗಿ ಆದ್ರ ತೊಳಕೋ, ಬಾವ್ಯಾಗ ನೀರವ.”

ಮುಟ್ಟಿದೆ. ಬಿಸಿ ಚರ್ಮದ ಕೆಳಗೆ ಎಲುಬು, ಎಲುಬಿನ ನಡುವೆ ಹುಣಸೆಬೀಜದಷ್ಟು ಗಂಟು. ಅವರು ಉಸಿರೆಳೆದರು, ನನ್ನ ಬೆರಳ ಕೆಳಗೆ ಅದು ಮೆಲ್ಲಗೆ ಏರಿ ಇಳಿಯಿತು. ವರ್ಷವಿಡೀ ಎರಡು ಪೇಪರು ಮಾಡಿ ಓದಿದ್ದ ರಚನೆಯೂ ಕ್ರಿಯೆಯೂ ಒಂದೇ ಜಾಗದಲ್ಲಿದ್ದವು. ಯಾಕೋ ಕಣ್ಣು ಮಂಜಾಯಿತು. ಬಿಸಿಲಿಗೆಂದು ನಟಿಸಿದೆ.

ಅವರು ತಂಬಿಗೆಯಲ್ಲಿ ನೀರು ತಂದರು. “ಬ್ಯಾಡ್ರಿ, ನೀರಡಿಕಿ ಇಲ್ಲ,” ಅಂದುಬಿಟ್ಟೆ. ಬಾಯಿಗೆ ತಾನಾಗಿಯೇ ಬಂದ ಮಾತು, ಮನೆಯಲ್ಲಿ ಕಲಿತದ್ದು.

ಮಾಣಿಕ ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಅಂಗಿ ಹಿಂಡಿದ್ರ ಒಂದು ಕೊಡ ಬೆವರು ಬರತದ. ತುಟಿ ಒಣಗ್ಯಾವ. ನೀರಡಿಕಿ ಇಲ್ಲಂತ. ಕ್ರಿಯಾ ಶಾರೀರದಾಗೂ ಫೇಲ್ ಆದಿ ನೋಡು.”

ಕುಡಿದೆ. ಎರಡು ತಂಬಿಗೆ ಕುಡಿದೆ. ಆಮೇಲೆ ಆರು ರವಿವಾರ ಹೋದೆ, ಊಟವನ್ನೂ ಮಾಡಿದೆ. ಮರುಪರೀಕ್ಷೆಯಲ್ಲಿ ಪಾಸಾದೆ. ಮಾಣಿಕ ಈಗ ಜಿಲ್ಲೆಯ ಇನ್ನೊಂದು ತುದಿಯಲ್ಲಿ ಸರಕಾರಿ ಡಾಕ್ಟರು. ನಾನು ಇಲ್ಲಿ, ಬಸ್ ಸ್ಟ್ಯಾಂಡಿನ ಹತ್ತಿರ. ಆರು ರವಿವಾರವೂ ಎಲ್ಲಿ ಉಂಡೆನೆಂದು ಮನೆಯಲ್ಲಿ ಕೇಳಿದಾಗ ಹೋಟೆಲ್ಲಿನಲ್ಲಿ ಎಂದಿದ್ದೆ. ಇಷ್ಟು ವರ್ಷವಾದರೂ ಆ ಹೋಟೆಲ್ಲು ನಡೆದೇ ಇತ್ತು.

ಮೊನ್ನೆ ರವಿವಾರ ಮನಸ್ಸು ತಡೆಯಲಿಲ್ಲ. ಮುಡಬಿಯ ಬಸ್ಸು ಹತ್ತಿದೆ. ಶಾಂತಾಬಾಯಿಗೆ ಕಣ್ಣು ಮಸುಕಾಗಿದೆ, ದನಿ ಮಾತ್ರ ಹಾಗೇ ಇದೆ. ರೊಟ್ಟಿ ಪುಂಡಿಪಲ್ಯ ಹಾಕಿದರು. ಹೊರಡುವಾಗ ಅಂದರು: “ಮುಂದಿನ ಸಲ ನಿಮ್ಮವ್ವಗ ಕರಕೊಂಡು ಬಾ. ಮಕ್ಕಳು ಕೂಡಿ ಕಲತೀರಿ, ನಾವಿಬ್ಬರೂ ಒಬ್ಬರ ಮಾರಿ ಒಬ್ಬರು ನೋಡಿಲ್ಲ.”

ಸಂಜೆ ಮನೆಗೆ ಬಂದಾಗ ಅವ್ವ ಜೋಳ ಹಸನು ಮಾಡುತ್ತಿದ್ದಳು. ಎದುರಿಗೆ ಕೂತು ಒಂದೂ ಬಿಡದೆ ಹೇಳಿದೆ. ಲಟ್ಟಣಿಗೆಯ ಮಾತಿಗೆ ನಕ್ಕಳು. ನೀರಿನ ಮಾತಿಗೆ ನಗಲಿಲ್ಲ.

“ಇಷ್ಟು ವರ್ಷ ಯಾಕ ಹೇಳಲಿಲ್ಲ?”

“ನಿನಗ ನಡಿಯೂದಿಲ್ಲ ಅಂತ ತಿಳದಿದ್ದೆ.”

“ನನಗೋ, ನಿನಗೋ?”

ಮೊರ ಕೊಡವಿ ಪಕ್ಕಕ್ಕಿಟ್ಟಳು. ಸೆರಗಿನಿಂದ ಕೈ ಒರೆಸಿಕೊಂಡಳು.

“ಮುಡಬಿಗಿ ಮುಂಜಾನಿ ಬಸ್ಸು ಎಷ್ಟಕ್ಕದ?”