ಅಕ್ಕ-ತಂಗಿಯ ಮೂರು ಎಕರೆ ಅಡವಿ

ಹೊಲದಲ್ಲಿ ಹಬ್ಬದೂಟ ಮುಗಿಸಿದ ಅತಿಥಿ ಏನು ಮಾಡಬಹುದು? ಎಲೆ ಅಡಿಕೆ ಕೇಳಬಹುದು. ಬೇವಿನ ನೆರಳಲ್ಲಿ ಹತ್ತು ನಿಮಿಷ ಅಡ್ಡಾಗಬಹುದು. ಈ ಸಲ ಎಳ್ಳ ಅಮಾವಾಸ್ಯೆಗೆ ನಮ್ಮಣ್ಣ ಕರೆತಂದಿದ್ದ ಅತಿಥಿ ಮಾತ್ರ ಕೈ ತೊಳೆದವರೇ ಶೂ ಹಿಮ್ಮಡಿಯಿಂದ ನೆಲ ಗುದ್ದಿ ನೋಡಿದರು. ಒಂದು ಕಡೆಯಲ್ಲ, ನಾಲ್ಕು ಕಡೆ.

ತಂಗಿ ಕಸ್ತೂರಿ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ಸೇಡಂ ಕಡೆಯ ಆಡಕಿ ಊರಿನ ಹತ್ತಿರ ನಮ್ಮಪ್ಪನ ಹೊಲ. ಅಪ್ಪ ತೀರಿಕೊಂಡ ಮೇಲೆ ನಾವಿಬ್ಬರು ಹೆಣ್ಣುಮಕ್ಕಳು ಪಾಲು ಕೇಳಿದೆವು. (ಕೇಳಿದ್ದೇ ತಪ್ಪು ಅನ್ನುವವರು ಇಲ್ಲಿಗೇ ಓದು ನಿಲ್ಲಿಸಬಹುದು.) ಎರೆಭೂಮಿಯೆಲ್ಲ ಅಣ್ಣನಿಗೆ ಹೋಯಿತು. ನಮಗೆ ತೋರಿಸಿದ್ದು ಬೇವು, ಬಾರಿ (ಅಂದರೆ ಎಲಚಿ), ಮುತ್ತಲ, ಹುಣಸೆ ತಮ್ಮಷ್ಟಕ್ಕೆ ಬೆಳೆದು ನಿಂತಿದ್ದ ಮೂರು ಎಕರೆ ಕಲ್ಲುನೆಲ. ನೇಗಿಲು ಇಳಿಯದ ಜಾಗ. ಇದನ್ನು ನೋಡಿದರೆ ಇವರೇ ಬೇಡ ಅಂತಾರೆ, ಸೀರೆ ಉಡಿಸಿಕೊಂಡು, ಪಾಲು ಬಿಟ್ಟೆವೆಂದು ಸಹಿ ಹಾಕಿ ಹೋಗ್ತಾರೆ ಎಂಬುದು ಎಲ್ಲರ ನಂಬಿಕೆ.

‘ಅದನ್ನೇ ಕೊಡ್ರಿ’ ಅಂದೆವು.

ಅಂದಿನಿಂದ ನಮ್ಮ ಚಳಿಗಾಲದ ಭಾನುವಾರಗಳೆಲ್ಲ ಅಲ್ಲೇ. ನಾನು ಸೇಡಂನಲ್ಲಿ ಹೈಸ್ಕೂಲ್ ಟೀಚರ್. ಕಸ್ತೂರಿ ಇರುವುದು ಆದಿತ್ಯನಗರದ ಸಿಮೆಂಟ್ ಫ್ಯಾಕ್ಟರಿ ಕ್ವಾರ್ಟರ್ಸ್‌ನಲ್ಲಿ. ಬೆಳಗಿನ ಬಸ್, ಎರಡು ಟಿಫಿನ್ ಬಾಕ್ಸ್, ಎರಡು ಕುಡುಗೋಲು, ಗೋಣಿಚೀಲದಲ್ಲಿ ಸುತ್ತಿದ ಒಂದು ಕೊಡಲಿ. (ಕಂಡಕ್ಟರ್ ಮೊದಮೊದಲು ನಮ್ಮ ಪಕ್ಕದ ಸೀಟಿಗೆ ಯಾರನ್ನೂ ಕೂರಿಸುತ್ತಿರಲಿಲ್ಲ.)

ಅಲ್ಲಿ ಕೆಲಸವೇನು? ಮಳೆಗಾಲದಲ್ಲಿ ಸೊಂಟದ ಮಟ್ಟ ಬೆಳೆದ ಹುಲ್ಲು ಈಗ ಒಣಗಿ ನಿಂತಿರುತ್ತದೆ. ದಾರಿಹೋಕನೊಬ್ಬ ಬೀಡಿ ಎಸೆದರೆ ಎಲ್ಲ ಬೂದಿ. ಅದಕ್ಕೇ ಬೇಲಿಯ ಗುಂಟ ಎರಡು ಮಾರು ಅಗಲ ಹುಲ್ಲು ಕೊಯ್ದು, ಬೆಂಕಿ ದಾಟದಂತೆ ನೆಲ ಬೋಳು ಮಾಡುತ್ತೇವೆ. ಗಿಡಗಳ ಬುಡಕ್ಕೆ ನುಗ್ಗಿದ ಬಳ್ಳಾರಿ ಜಾಲಿ ಕಡಿಯುತ್ತೇವೆ. ಅದರ ಮುಳ್ಳು ಚಪ್ಪಲಿ ದಾಟಿ ಅಂಗಾಲಿಗೆ ಬರುತ್ತದೆ. ಒಣ ಟೊಂಗೆ ಮುರಿದು ಹೊರೆ ಕಟ್ಟುತ್ತೇವೆ.

ಬಿಸಿಲೇರಿದಾಗ ಸ್ವೆಟರ್ ಬಿಚ್ಚಿ ಟೊಂಗೆಗೆ ನೇತುಹಾಕಿ, ಬೋಳು ಮಾಡಿದ ಜಾಗದಲ್ಲಿ ಮೂರು ಕಲ್ಲಿಟ್ಟು ಚಹಾ. ಆಮೇಲೆ ಬಾರಿ ಗಿಡ ಅಲ್ಲಾಡಿಸುವುದು. ಐವತ್ತು ದಾಟಿದ ಇಬ್ಬರು ಹೆಂಗಸರು ನೆಲದ ಮೇಲೆ ಕುಂತು, ಉಪ್ಪು-ಖಾರ ಹಚ್ಚಿ ಬಾರಿ ಹಣ್ಣು ತಿಂದು, ಬೀಜ ಯಾರು ದೂರ ಉಗುಳುತ್ತಾರೆ ಎಂದು ಪಂದ್ಯ ಕಟ್ಟುತ್ತೇವೆ. ಇದಕ್ಕೂ ಯಾರದಾದರೂ ಪರ್ಮಿಷನ್ ಬೇಕೇ?

ಹಾದುಹೋಗುವವರು ನಿಂತು ಕೇಳುತ್ತಾರೆ: ‘ಟೀಚರ್, ಇದರಾಗ ಏನ್ ಬೆಳೀತೀರಿ?’

‘ಗಿಡ.’

‘ಅವು ತಾವೇ ಬೆಳೀತಾವಲ್ರಿ!’

‘ಹೌದ್ರಿ. ನಾವು ಬೆಳೀಲಾಕ ಬಿಡಾಕತ್ತೀವಿ.’

ಎಳ್ಳ ಅಮಾವಾಸ್ಯೆಗೆ ನಮ್ಮ ಕಡೆ ಊರಿಗೆ ಊರೇ ಹೊಲಕ್ಕೆ ಹೋಗಿ ಉಣ್ಣುತ್ತದೆ. ಅಣ್ಣನ ಹೊಲದಲ್ಲಿ ಬದುವಿನಿಂದ ಬದುವಿಗೆ ತೊಗರಿ. ಕೂರಲು ನೆರಳಿಲ್ಲ. ಹಬ್ಬದ ಹಿಂದಿನ ದಿನ ಅವನದೇ ಫೋನು: ‘ನಾಳಿಗಿ ನಿಮ್ಮ ಗಿಡದ ಬುಡಕ್ಕೇ ಊಟ ಮಾಡೂಣು. ಒಬ್ಬರು ಗೆಸ್ಟ್ ಬರ್ತಾರ.’

ಪಾಲಾದ ಮೇಲೆ ಅವನು ಅಲ್ಲಿಗೆ ಕಾಲಿಟ್ಟಿರಲಿಲ್ಲ. ಎಷ್ಟು ಖುಷಿಯಾಯಿತು ಗೊತ್ತಾ? ನಸುಕಿನಲ್ಲೇ ಎದ್ದು ಸಜ್ಜೆ ರೊಟ್ಟಿ ತಟ್ಟಿದೆ. ಅಣ್ಣನ ಹೆಂಡತಿ, ನಮ್ಮ ವೈನಿ, ಭಜ್ಜಿ ಪಲ್ಯ ಮತ್ತು ಶೇಂಗಾ ಹೋಳಿಗೆ ತಂದರು. ಎಲ್ಲರೂ ಸುತ್ತ ಕುಳಿತು ಉಂಡೆವು. ಅಪ್ಪ ಇದ್ದಾಗಿನಂತೆಯೇ ಅನ್ನಿಸಿತು.

ಆಗಲೇ ಆ ಹಿಮ್ಮಡಿ.

‘ಕೆಳಗ ಫಸ್ಟ್ ಕ್ಲಾಸ್ ಪರಸಿ ಅದ ನೋಡ್ರಿ’ ಎಂದರು ಅತಿಥಿ, ಅಣ್ಣನ ಕಡೆ ತಿರುಗಿ. (ಪರಸಿ ಎಂದರೆ ನೆಲಕ್ಕೆ ಹಾಸುವ ನಮ್ಮ ಶಹಾಬಾದ್ ಕಲ್ಲು.) ಅಣ್ಣ ಬ್ಯಾಗಿನಿಂದ ಕಾಗದ ತೆಗೆದ.

‘ಇವರು ಕಲ್ಲಿನ ಖಣಿ ಮಾಡ್ತಾರಂತ. ಇಬ್ಬರೂ ಇಲ್ಲೇ ಅದೀರಿ. ಒಂದೊಂದು ಸೈನ್ ಹಾಕಿಬಿಡ್ರಿ.’

ಇವನು ಬಂದದ್ದು ನಮ್ಮ ಜೊತೆ ಉಣ್ಣಲಿಕ್ಕಲ್ಲ.

‘ಆಗೂದಿಲ್ಲಣ್ಣ’ ಎಂದೆ.

‘ಯಾಕ? ಕಲ್ಲು ಇಟ್ಕೊಂಡು ಏನ್ ಮಾಡ್ತೀರಿ?’

‘ಅದರ ಮ್ಯಾಲ ಕುಂದರ್ತೀವಿ’ ಅಂದಳು ಕಸ್ತೂರಿ.

ಅತಿಥಿ ನಕ್ಕರು. ಅಣ್ಣ ನಗಲಿಲ್ಲ. ‘ಹಂಗಾದ್ರ ನಾಗರ ಪಂಚಮಿಗಿ ತವರಿಗಿ ಬರಬ್ಯಾಡ್ರಿ. ನಮ್ಮ ಬಾಗಿಲ ಬಂದ್ ಅಂತ ತಿಳೀರಿ’ ಎಂದ.

ಈ ಒಂದು ಮಾತು ಏನು ಮಾಡುತ್ತದೆಂದು ಓದುತ್ತಿರುವ ಹೆಣ್ಣುಮಕ್ಕಳಿಗೆ ನಾನು ಹೇಳಬೇಕೇ? ಅವ್ವ ಇಲ್ಲ, ಅಪ್ಪ ಇಲ್ಲ. ಉಳಿದದ್ದು ಆ ಬಾಗಿಲು ಒಂದೇ. ನಿಜ ಹೇಳುತ್ತೇನೆ, ಒಬ್ಬಳೇ ಇದ್ದಿದ್ದರೆ ಪೆನ್ನು ಹಿಡಿದುಬಿಡುತ್ತಿದ್ದೆನೋ ಏನೋ.

ಕಸ್ತೂರಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಳು. ‘ಬಾಗಿಲ ಹಾಕ್ಕೋ ಅಣ್ಣ. ಪಂಚಮಿ ಜೋಕಾಲಿ ಎಲ್ಲಿ ಕಟ್ಟತಿ? ನಿನ್ನ ಹೊಲದಾಗ ಒಂದಾದ್ರೂ ಗಿಡ ಉಳಿಸೀಯೇನು?’

ಅತಿಥಿ ಕಾರಿನ ಕಡೆ ನಡೆದರು. ಅಣ್ಣ ಕಾಗದ ಮಡಚಿ ಹಿಂದೆಯೇ ಹೋದ. ವೈನಿ ಪಾತ್ರೆ ಜೋಡಿಸಿಕೊಂಡು ಅವನ ಹಿಂದೆ ನಡೆದರು.

ಮುಂದಿನ ಭಾನುವಾರ ನಾವು ಬಸ್ಸಿಳಿದು ನಡೆದು ಹೋದರೆ, ಬೇಲಿಯ ಹತ್ತಿರ ಯಾರೋ ಹುಲ್ಲು ಕೊಯ್ಯುತ್ತಿದ್ದಾರೆ. ವೈನಿ! ಆಗಲೇ ನಾಲ್ಕು ಮಾರು ಉದ್ದ ಬೋಳಾಗಿತ್ತು.

‘ವೈನಿ, ಅಣ್ಣಗ ಗೊತ್ತದೇನು?’

‘ಹೇಳೇ ಬಂದೀನಿ’ ಎಂದರು, ತಲೆ ಎತ್ತದೆ. ‘ಭಾಳ ಸಿಟ್ಟಿಗೆದ್ದಾರ. ಏಳಲಿ ಬಿಡ್ರಿ. ನಮ್ಮ ತವರಾಗ ನಾನೂ ಹಿಂಗೇ ಸೈನ್ ಹಾಕಿ ಬಂದಾಕಿ. ನೀವು ಹಾಕಬ್ಯಾಡ್ರಿ.’

ಆ ದಿನ ಚಹಾ ಮೂರು ಲೋಟ ಆಯಿತು. ಬೀಜ ಉಗುಳುವ ಪಂದ್ಯದಲ್ಲಿ ವೈನಿಯೇ ಗೆದ್ದರು.

ಅಣ್ಣ ಇವತ್ತಿಗೂ ನನ್ನ ಫೋನ್ ಎತ್ತುತ್ತಿಲ್ಲ. ನೋವಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೂ ಕೇಳುತ್ತೇನೆ: ಸಹಿ ಹಾಕಿದರೆ ಮಾತ್ರ ಬಾಗಿಲು ತೆರೆಯುವ ಮನೆಯನ್ನು ತವರು ಅಂತ ಯಾಕೆ ಕರೆಯಬೇಕು?